ಹಿರಿಯರ ಮೊಬೈಲಿಗೆ ಬರುವ ವೈದ್ಯಸಲಹೆ

ಒಬ್ಬರೇ ಇರುವಾಗ ಹೃದಯಾಘಾತವಾದರೆ ಬಿಡದೆ ಜೋರಾಗಿ ಕೆಮ್ಮುತ್ತಿರಬೇಕು ಎಂಬ ಸಂದೇಶ ವರ್ಷಗಳಿಂದ ವಾಟ್ಸಾಪ್‌ನಲ್ಲಿ ಸುತ್ತುತ್ತಲೇ ಇದೆ. ನಮ್ಮ ಚಿಕ್ಕಪ್ಪ ಅದನ್ನು ಮನೆಯ ಗ್ರೂಪಿಗೆ ಹಾಕಿದಾಗ, ಅವರ ಮಕ್ಕಳು ‘ಸುಳ್ಳು’ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದರು, ಅವರು ಮುನಿಸಿಕೊಂಡರು. ಮುನಿಸಿಗೆ ಕಾರಣವೂ ಇತ್ತು, ಏಕೆಂದರೆ ಆ ಸಂದೇಶದಲ್ಲಿ ನಿಜದ ಒಂದು ಎಳೆಯಿದೆ. ಆಸ್ಪತ್ರೆಯಲ್ಲಿ ಇಸಿಜಿ ಪರದೆಯ ಮೇಲೆ ಕಣ್ಣಿಟ್ಟಿರುವ ವೈದ್ಯರು, ಬಡಿತದ ಲಯ ಏಕಾಏಕಿ ತಪ್ಪಿದ ರೋಗಿಗೆ ಪ್ರಜ್ಞೆ ತಪ್ಪುವ ಮೊದಲು ಕೆಮ್ಮಲು ಹೇಳುವುದುಂಟು. ಮನೆಯಲ್ಲಿ ಒಬ್ಬರೇ ಇರುವವರಿಗೆ ಅದು ಚಿಕಿತ್ಸೆಯಲ್ಲ ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಸ್ಪಷ್ಟಪಡಿಸಿದೆ. ಕೆಮ್ಮುತ್ತ ಕೂತರೆ 108ಕ್ಕೆ ಕರೆ ಮಾಡಬೇಕಾದ ಹೊತ್ತು ಕಳೆದುಹೋಗುತ್ತದೆ. ಇಷ್ಟನ್ನು ಬಿಡಿಸಿ ಹೇಳಿದ ಮೇಲೆ ಚಿಕ್ಕಪ್ಪ ಒಪ್ಪಿದರು.

ಹಲವು ಕೈ ದಾಟಿ ಬಂದ ಸಂದೇಶದ ಮೇಲೆ ವಾಟ್ಸಾಪ್ ಎರಡು ಬಾಣದ ಗುರುತು ತೋರಿಸುತ್ತದೆ. ಅದು ಎಚ್ಚರಿಕೆಯ ಗುರುತು. ಆದರೆ ನಾನು ಕಂಡ ಹಿರಿಯರಲ್ಲಿ ಕೆಲವರು ಅದನ್ನು ಬಹಳ ಜನ ಒಪ್ಪಿದ್ದಕ್ಕೆ ಬಿದ್ದ ಮುದ್ರೆ ಎಂದೇ ತಿಳಿದಿದ್ದರು. ಹೆಸರಾಂತ ವೈದ್ಯರ ಮುಖ ಮತ್ತು ದನಿಯನ್ನು ಕೃತಕವಾಗಿ ಸೃಷ್ಟಿಸಿದ ವಿಡಿಯೊಗಳಂತೂ ಓದುಬರಹ ಬಲ್ಲ ಕಿರಿಯರನ್ನೂ ಏಮಾರಿಸುತ್ತವೆ.

ಆದ್ದರಿಂದ ಪಕ್ಕದಲ್ಲಿ ಕುಳಿತು, ಫೋನನ್ನು ಅವರ ಕೈಯಲ್ಲೇ ಬಿಟ್ಟು, ಕನ್ನಡದಲ್ಲೇ ಮಾತನಾಡಿ ಹುಡುಕಲು ಹೇಳುವುದು ಒಳ್ಳೆಯದು. ಮೊದಲು ಕಾಣುವ ಫಲಿತಾಂಶ ಜಾಹೀರಾತೇ, ಬರೆದವರು ಯಾರು, ಯಾವಾಗ ಬರೆದದ್ದು, ಕೊನೆಯಲ್ಲಿ ಏನಾದರೂ ಮಾರುತ್ತಿದ್ದಾರೆಯೇ ಎಂಬುದನ್ನು ಅವರೇ ಬೆರಳಿಟ್ಟು ತೋರಿಸಬೇಕು. ಮಧುಮೇಹವನ್ನು ಗುಣಪಡಿಸುತ್ತೇವೆಂದು ಔಷಧದ ಜಾಹೀರಾತು ನೀಡುವುದನ್ನು ನಮ್ಮ ದೇಶದ 1954ರ ಕಾಯ್ದೆಯೇ ನಿಷೇಧಿಸಿದೆ ಎಂದು ತಿಳಿಸಿದರೆ, ಅರ್ಧದಷ್ಟು ವಿಡಿಯೊಗಳ ಮೇಲಿನ ನಂಬಿಕೆ ಅಲ್ಲಿಗೇ ಸಡಿಲವಾಗುತ್ತದೆ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಮೆಡ್‌ಲೈನ್‌ಪ್ಲಸ್ ತಾಣದಲ್ಲಿ ಜಾಹೀರಾತುಗಳಿಲ್ಲ. ಆದರೆ ಅಲ್ಲಿನ ಇಂಗ್ಲಿಷನ್ನು ನಾವು ಓದಿ ಹೇಳಬೇಕಾಗುತ್ತದೆ. ಕನ್ನಡದಲ್ಲಿ ಅಂಥ ತಾಣಗಳು ಸಾಲದು ಎಂಬ ಕೊರಗು ನನಗಿದೆ.

ಮನೆಮದ್ದನ್ನು ಹೀಗಳೆಯುವ ಅಗತ್ಯವಿಲ್ಲ. ಮೆಂತ್ಯದ ನೀರು ಸಕ್ಕರೆಯನ್ನು ಒಂದಿಷ್ಟು ಇಳಿಸಬಲ್ಲದು. ಮಾತ್ರೆಯ ಜೊತೆ ಸೇರಿದರೆ ತೀರ ಕೆಳಕ್ಕೆ ಇಳಿಸಲೂಬಹುದು. ಕುಡಿಯುತ್ತಿರುವುದನ್ನು ಡಾಕ್ಟರಿಗೆ ಹೇಳಿದ್ದೀರಾ ಎಂದು ಕೇಳಿದರೆ ಬಹಳಷ್ಟು ಮಂದಿ ಇಲ್ಲವೆನ್ನುತ್ತಾರೆ, ಬೈಯುತ್ತಾರೆಂಬ ಅಂಜಿಕೆ. ಔಷಧಿ ಚೀಟಿಯ ಹಿಂದೆ ಅದನ್ನು ಬರೆದುಕೊಟ್ಟರೆ, ಮುಂದಿನ ಭೇಟಿಯಲ್ಲಿ ಚೀಟಿ ತಿರುಗಿಸಿ ತೋರಿಸಿದರೆ ಸಾಕು.