ಟೆಸ್ಟ್ ಮಾಡಿಸಿದರೆ ಪೊಲೀಸ್ ಬರ್ತಾರಾ?

ಹೋದ ಭಾನುವಾರ ವಿಡಿಯೋ ಕಾಲ್ ಮಾಡಿದಾಗ ಅಮ್ಮ ಕಂಬಳಿ ಹೊದ್ದು ಕೂತಿದ್ದರು. ಮೂರು ದಿನದಿಂದ ಜ್ವರ, ಕೀಲುಗಳೆಲ್ಲ ನೋವು. ನಾವು ಮಾತಾಡುತ್ತಿರುವಾಗಲೇ ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದು, "ಮನೇಲಿ ಯಾರಿಗಾದ್ರೂ ಜ್ವರ ಇದೆಯಾ ಅಮ್ಮ?" ಅಂತ ಕೇಳಿದರು. ಅಮ್ಮ ಫೋನನ್ನು ತೊಡೆಯ ಮೇಲೆ ಮಗುಚಿ ಹಾಕಿ, "ಏನೂ ಇಲ್ಲಮ್ಮ, ಎಲ್ರೂ ಚೆನ್ನಾಗಿದೀವಿ" ಅಂದುಬಿಟ್ಟರು.

ಪಕ್ಕದಲ್ಲಿದ್ದ ಮಗಳು ಮೆಲ್ಲಗೆ ಕೇಳಿದಳು. "ಅಜ್ಜಿ ಯಾಕೆ ಹಂಗಂದ್ರು? ಟೆಸ್ಟ್ ಮಾಡಿಸಿದ್ರೆ ಪೊಲೀಸ್ ಬರ್ತಾರಾ?"

ಅವಳು ಹುಟ್ಟಿ ಬೆಳೆದದ್ದು ಇಲ್ಲಿ, ಕೊರಿಯಾದ ಸುವಾನ್‌ನಲ್ಲಿ. ಚಿಕ್ಕವಳಿದ್ದಾಗ ಶಾಲೆಯಿಂದಲೇ ಕೋವಿಡ್ ಕಿಟ್ ಕೊಟ್ಟು ಕಳಿಸುತ್ತಿದ್ದರು. ಮೂಗಿಗೆ ಕಡ್ಡಿ ಹಾಕಿಸಿಕೊಂಡು ಸ್ವಲ್ಪ ಅತ್ತು, ಆಮೇಲೆ ಒಂದು ಗೆರೆ ಬಂತಾ ಎರಡು ಬಂತಾ ಅಂತ ಬಗ್ಗಿ ನೋಡುತ್ತಿದ್ದಳು. ಅದರಲ್ಲಿ ಬಚ್ಚಿಡುವಂಥದ್ದು ಏನಿದೆ ಅಂತ ಅವಳಿಗೆ ಅರ್ಥವೇ ಆಗಲಿಲ್ಲ. ನನಗೆ ತಕ್ಷಣ ಉತ್ತರ ಕೊಡೋಕೆ ಆಗಲಿಲ್ಲ. ಯಾಕಂದ್ರೆ 2020ರಲ್ಲಿ ನಮ್ಮ ಬೀದಿಗೆ ಪೊಲೀಸ್ ಬಂದಿದ್ದರು.

ಕೋಲಾರ ಜಿಲ್ಲೆ ಆ ವರ್ಷ ಮೇ ತಿಂಗಳ ತನಕ ಹಸಿರು ವಲಯದಲ್ಲಿತ್ತು. ಒಂದೂ ಕೇಸಿಲ್ಲ ಅಂತ ನಮ್ಮವರಿಗೆಲ್ಲ ಹೆಮ್ಮೆ. ಅಪ್ಪ ಫೋನ್ ಮಾಡಿದಾಗಲೆಲ್ಲ ಅದನ್ನೇ ಹೇಳುತ್ತಿದ್ದರು. ಮೇ 12ರಂದು ಮುಳಬಾಗಿಲು ಕಡೆ ಒಟ್ಟಿಗೇ ಐದು ಕೇಸು ಬಂದವು. ಅಲ್ಲಿಂದ ಜನರ ಮಾತಿನ ಧಾಟಿಯೇ ಬದಲಾಯಿತು. ಇಷ್ಟು ದಿನ ಕಾಪಾಡಿಕೊಂಡು ಬಂದಿದ್ದನ್ನು ಯಾರೋ ಬಂದು ಹಾಳು ಮಾಡಿದರು ಅನ್ನೋ ಸಿಟ್ಟು. ಟೊಮೆಟೊ ಲಾರಿಯಲ್ಲಿ ಹೊರರಾಜ್ಯಕ್ಕೆ ಹೋಗಿ ಬಂದ ಡ್ರೈವರ್‌ಗಳನ್ನು ಊರೊಳಗೆ ಬಿಟ್ಟುಕೊಳ್ಳಲು ಜನ ಹಿಂದೇಟು ಹಾಕಿದರು.

ಆಮೇಲೆ ನಮ್ಮ ಬೀದಿಯ ಸರದಿ. ಚೆನ್ನೈನಿಂದ ಬಂದಿದ್ದ ಹುಡುಗನೊಬ್ಬ ತಾನಾಗಿಯೇ ಹೋಗಿ ಗಂಟಲು ದ್ರವ ಕೊಟ್ಟು ಬಂದಿದ್ದ. ಪಾಸಿಟಿವ್ ಅಂತ ಗೊತ್ತಾದ ಸಂಜೆ ಸೈರನ್ ಹಾಕಿಕೊಂಡು ಆಂಬುಲೆನ್ಸ್ ಬಂತು, ಹಿಂದೆಯೇ ಪೊಲೀಸ್ ಜೀಪು. ಅವನು ಬ್ಯಾಗ್ ಹಿಡಿದು ಗಾಡಿ ಹತ್ತುವುದನ್ನು ಯಾರೋ ಮಹಡಿಯಿಂದ ವಿಡಿಯೋ ಮಾಡಿದರು. ಅದು ಸುವಾನ್‌ನಲ್ಲಿದ್ದ ನನ್ನ ವಾಟ್ಸಾಪ್‌ಗೂ ಬಂತು. ಬೀದಿಯ ಎರಡೂ ತುದಿಗೆ ಸರ್ವೆ ಮರ ಕಟ್ಟಿದರು. ಅದೂ ಹೋಗಲಿ. ಮರುದಿನದಿಂದ ಊರಿನ ಡೈರಿಯಲ್ಲಿ ಆ ಮನೆಯ ಹಾಲು ಹಾಕಿಸಿಕೊಳ್ಳಲಿಲ್ಲ.

ಅವರದು ಎರಡು ಸೀಮೆ ಹಸು. ಹಸುಗೆ ಸೀಲ್‌ಡೌನ್ ಗೊತ್ತಾ? ಬೆಳಿಗ್ಗೆ ಸಂಜೆ ಕರೆಯಲೇಬೇಕು. ಆ ಹುಡುಗನ ತಾಯಿ ಕರೆದು, ಕರುವಿಗೆ ಬಿಟ್ಟು, ಮನೆಗೆ ಇಟ್ಟುಕೊಂಡು, ಉಳಿದದ್ದನ್ನು ಹಿತ್ತಲಿನ ತೆಂಗಿನ ಬುಡಕ್ಕೆ ಸುರಿಯುತ್ತಿದ್ದರಂತೆ. ಹಾಲನ್ನು ಹೇಗೂ ಕಾಯಿಸಿಯೇ ಪ್ಯಾಕೆಟ್ ಮಾಡುತ್ತಾರೆ. ಅದನ್ನು ಹೇಳುವವರು ಯಾರೂ ಇರಲಿಲ್ಲ. ಹದಿನೈದು ದಿನಕ್ಕೊಮ್ಮೆ ಬರುವ ಹಾಲಿನ ಬಟವಾಡೆ ನಿಂತಿತು. ಫೀಡ್ ಅಂಗಡಿಯಲ್ಲಿ ಸಾಲ ಬೆಳೆಯಿತು. ಅದಾದ ಮೇಲೆ ನಮ್ಮ ಬೀದಿಯಲ್ಲಿ ಯಾರಿಗೂ ಜ್ವರ ಬರಲಿಲ್ಲ, ಅಂದರೆ ಬಂತು ಅಂತ ಯಾರೂ ಹೇಳಲಿಲ್ಲ.

ಜನ ದಡ್ಡರು, ತಿಳಿವಳಿಕೆ ಇಲ್ಲ ಅಂತ ಟೀವಿಯಲ್ಲಿ ಹೇಳಿದಾಗೆಲ್ಲ ನನಗೆ ಸಂಕಟವಾಗುತ್ತಿತ್ತು. ದಡ್ಡತನ ಎಲ್ಲಿ ಬಂತು? ಅವರು ಸರಿಯಾಗಿಯೇ ಲೆಕ್ಕ ಹಾಕಿದ್ದರು. ಹೇಳಿದರೆ ಹಾಲಿನ ದುಡ್ಡು ಹೋಗುತ್ತೆ, ಮಾನ ಹೋಗುತ್ತೆ. ಹೇಳದಿದ್ದರೆ ಡೋಲೋ ನುಂಗಿ ಮಲಗಬಹುದು.

ಅದೇ ಹೊತ್ತಿನಲ್ಲಿ ನಾನು ಇಲ್ಲಿ ಬೇರೆಯೇ ಒಂದು ಲೆಕ್ಕವನ್ನು ನೋಡುತ್ತಿದ್ದೆ. ಕೊರಿಯಾ 2015ರಲ್ಲಿ ಮರ್ಸ್ ಅನ್ನೋ, ಕೊರೊನಾ ಜಾತಿಯದೇ ಇನ್ನೊಂದು ವೈರಸ್ ರೋಗಕ್ಕೆ ಸಿಕ್ಕಿ ಒದ್ದಾಡಿತ್ತು. 186 ಜನರಿಗೆ ತಗುಲಿ 38 ಜನ ಸತ್ತರು. ಯಾವ ಆಸ್ಪತ್ರೆಯಲ್ಲಿ ರೋಗ ಇದೆ ಅಂತ ಸರ್ಕಾರ ಮೊದಮೊದಲು ಮುಚ್ಚಿಟ್ಟಿತ್ತು. ಜನ ಅದನ್ನು ಕ್ಷಮಿಸಲಿಲ್ಲ. ಆಮೇಲೆ ಕಾನೂನು ಬದಲಾಯಿತು, ತುರ್ತಿನಲ್ಲಿ ಟೆಸ್ಟ್ ಕಿಟ್‌ಗೆ ಬೇಗ ಒಪ್ಪಿಗೆ ಕೊಡುವ ದಾರಿಯೂ ಆಯಿತು. ಹಾಗಾಗಿ 2020ರ ಜನವರಿ 27ರಂದು, ಇಡೀ ದೇಶದಲ್ಲಿ ನಾಲ್ಕೇ ಕೇಸುಗಳಿದ್ದಾಗ, ಅಧಿಕಾರಿಗಳು ಸೋಲ್ ರೈಲು ನಿಲ್ದಾಣದ ಒಂದು ಕೋಣೆಗೆ ಕಂಪನಿಗಳನ್ನು ಕರೆಸಿ ಕಿಟ್ ಮಾಡಿ ಅಂದರು. ಫೆಬ್ರವರಿ 4ಕ್ಕೆ ಮೊದಲ ಕಿಟ್‌ಗೆ ಒಪ್ಪಿಗೆ ಸಿಕ್ಕಿತು. ತಿಂಗಳು ಮುಗಿಯುವುದರೊಳಗೆ ಕಾರಿನಲ್ಲಿ ಕೂತೇ ಪರೀಕ್ಷೆ ಮಾಡಿಸಿಕೊಳ್ಳುವ ಕೇಂದ್ರಗಳು ಬಂದವು.

ಆಗ ರೋಗ ನಿಯಂತ್ರಣ ಕೇಂದ್ರದ ಮುಖ್ಯಸ್ಥೆಯಾಗಿದ್ದವರು ಡಾಕ್ಟರ್ ಜಂಗ್ ಉನ್-ಕ್ಯೊಂಗ್. ಮರ್ಸ್ ಕಾಲದಲ್ಲಿ ಕೆಲಸ ಮಾಡಿ, ಆಮೇಲೆ ಶಿಸ್ತುಕ್ರಮದಲ್ಲಿ ಸಂಬಳ ಕಡಿತವಾಗಿದ್ದ ಅಧಿಕಾರಿ ಅವರು. ಹಳದಿ ಜಾಕೆಟ್ ಹಾಕಿಕೊಂಡು ಟೀವಿಯಲ್ಲಿ ಬಂದು, ಇಷ್ಟು ಕೇಸು, ಇದು ಗೊತ್ತಾಗಿದೆ, ಇದು ಇನ್ನೂ ಗೊತ್ತಿಲ್ಲ ಅನ್ನುತ್ತಿದ್ದರು. ದನಿ ಏರಿಸಿದ್ದನ್ನು ನಾನು ನೋಡಲಿಲ್ಲ. ವಾರ ಕಳೆದಂತೆ ಅವರ ಕೂದಲು ನೆರೆಯುವುದು ಮಾತ್ರ ಎಲ್ಲರಿಗೂ ಕಾಣುತ್ತಿತ್ತು. ಸೆಪ್ಟೆಂಬರಿನಲ್ಲಿ ಆ ಕೇಂದ್ರಕ್ಕೆ ಹೆಚ್ಚಿನ ಅಧಿಕಾರ ಕೊಟ್ಟಾಗ, ದೇಶದ ಅಧ್ಯಕ್ಷರೇ ಅವರ ಕಚೇರಿಗೆ ಹೋಗಿ ನೇಮಕ ಪತ್ರ ಕೊಟ್ಟು ಬಂದರು. 2025ರಲ್ಲಿ ಆಕೆ ಇಲ್ಲಿನ ಆರೋಗ್ಯ ಮಂತ್ರಿಯಾದರು.

ಇಲ್ಲಿಯ ಜನರೆಲ್ಲ ದೇವತೆಗಳು ಅಂತ ತಿಳಿಯಬೇಡಿ. ದೆಗು ನಗರದಲ್ಲಿ ಒಂದು ಚರ್ಚಿನ ಮೂಲಕ ಸೋಂಕು ಹರಡಿದಾಗ ಮೊದಲು ಸಿಕ್ಕಿದ್ದು ದೇಶದ 31ನೇ ರೋಗಿ. ಆಕೆಗೆ ಬಿದ್ದ ಶಾಪ ಕಮ್ಮಿ ಇಲ್ಲ. ಸೋಂಕಿತರು ಎಲ್ಲೆಲ್ಲಿ ಓಡಾಡಿದರು ಅನ್ನುವುದನ್ನು ಗಂಟೆ ಸಮೇತ ಮೊಬೈಲಿಗೆ ಕಳಿಸುತ್ತಿದ್ದರು. ಜನ ಅದನ್ನು ಓದಿ ಕಂಡವರ ಮನೆ ವಿಷಯ ಆಡಿಕೊಂಡರು. ಮಾನವ ಹಕ್ಕುಗಳ ಆಯೋಗ ಆಕ್ಷೇಪ ಎತ್ತಿದ ಮೇಲೆ ವಿವರ ಕಡಿಮೆ ಮಾಡಿದರು. ಮೇ ತಿಂಗಳಲ್ಲಿ ಸೋಲ್‌ನ ಇಟೇವಾನ್ ಬಡಾವಣೆಯ ಕ್ಲಬ್ಬುಗಳಲ್ಲಿ ಸೋಂಕು ಹರಡಿದಾಗ, ಅಲ್ಲಿಗೆ ಹೋಗಿದ್ದವರು ನಾಚಿಕೆಗೆ, ಕೆಲಸ ಹೋಗುವ ಭಯಕ್ಕೆ ಮುಂದೆ ಬರಲಿಲ್ಲ. ಆಗ ಸೋಲ್ ನಗರ ಹೆಸರು ಬೇಡ, ಫೋನ್ ನಂಬರ್ ಕೊಟ್ಟರೆ ಸಾಕು ಅಂದಿತು. ಜನ ಸಾಲುಗಟ್ಟಿ ಬಂದರು.

ದುಡ್ಡಿನ ವಿಷಯವನ್ನೂ ಮರೆಯಲಿಲ್ಲ. ಕ್ವಾರಂಟೈನ್‌ನಲ್ಲಿ ಇದ್ದು ಸಂಬಳ ಸಿಗದ ನಾಲ್ಕು ಜನರ ಮನೆಗೆ 14 ದಿನಕ್ಕೆ 12 ಲಕ್ಷ 30 ಸಾವಿರ ವಾನ್ ಕೊಟ್ಟರು. ಆಗಿನ ಲೆಕ್ಕಕ್ಕೆ ಸುಮಾರು 75 ಸಾವಿರ ರೂಪಾಯಿ. ಮನೆ ಬಾಗಿಲಿಗೆ ಅಕ್ಕಿ, ನೂಡಲ್ಸ್, ನೀರಿನ ಬಾಟಲಿಯ ಪೆಟ್ಟಿಗೆ. ನಮ್ಮ ಕಟ್ಟಡದಲ್ಲೂ ಒಂದು ಬಾಗಿಲ ಮುಂದೆ ಆ ಪೆಟ್ಟಿಗೆ ನೋಡಿದ್ದೆ. ಯಾರೂ ವಿಡಿಯೋ ಮಾಡಲಿಲ್ಲ. ಅವತ್ತು ನನಗೆ ಆ ಎರಡು ಹಸು ನೆನಪಾಗಿ ಕಣ್ಣು ತುಂಬಿಬಂತು.

ನಮ್ಮಲ್ಲಿ ಕೆಲಸ ಮಾಡುವವರಿಗೆ ಕೊರತೆ ಇರಲಿಲ್ಲ. ಆಶಾ ಕಾರ್ಯಕರ್ತೆಯರು ಬಿಸಿಲಲ್ಲಿ ಮನೆಮನೆ ಸುತ್ತಿದರು, ಬೈಸಿಕೊಂಡರು, ಕೆಲವು ಕಡೆ ಏಟೂ ತಿಂದರು. ಅದೇ ವರ್ಷ ಜುಲೈನಲ್ಲಿ ತಿಂಗಳಿಗೆ 12 ಸಾವಿರ ಗೌರವಧನ ಕೊಡಿ ಅಂತ ರಾಜ್ಯದ ಸುಮಾರು 42 ಸಾವಿರ ಆಶಾಗಳು ಕೆಲಸ ನಿಲ್ಲಿಸಿದರು. 2025ರ ಜನವರಿಯಲ್ಲಿ ಮತ್ತೆ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂತರು. ಇಡೀ ಊರಿನ ಜ್ವರದ ಲೆಕ್ಕ ಬರೆದುಕೊಂಡು ಬಾ ಅಂತ ಯಾರನ್ನು ಕಳಿಸುತ್ತೇವೋ, ಅವರಿಗೇ ನಾವು ಕೊಡುವ ಬೆಲೆ ಇಷ್ಟು.

ಅಮ್ಮನನ್ನು ಮರುದಿನ ನಮ್ಮ ಚಿಕ್ಕಪ್ಪನ ಮಗ ಬೈದು ಕರೆದುಕೊಂಡು ಹೋದ. ಚಿಕುನ್‌ಗುನ್ಯಾ. ಈಗ ಪರವಾಗಿಲ್ಲ, ಮೆಟ್ಟಿಲು ಇಳಿಯುವಾಗ ಮಾತ್ರ ಮಂಡಿ ಹಿಡಿಯುತ್ತೆ. ಸೊಳ್ಳೆಯಿಂದ ಬಂದ ಜ್ವರಕ್ಕೂ ಅದೇ ಹಳೆಯ ಭಯ ಉಳಿದಿದೆ ನೋಡಿ. ಇನ್ನೊಂದು ಮಹಾಮಾರಿ ಬಂದರೆ ಇದೇ ಭಯ ಎಲ್ಲರಿಗಿಂತ ಮೊದಲು ಬಾಗಿಲಲ್ಲಿ ನಿಂತಿರುತ್ತೆ.

ಕೋಲಾರದಲ್ಲಿ ಈಗ ಲ್ಯಾಬ್ ಇದೆ, ಕಿಟ್ ಇದೆ. ಊರಿಂದ ಈ ಸಾಲುಗಳನ್ನು ಓದುತ್ತಿರುವವರಲ್ಲಿ ಪಂಚಾಯ್ತಿಯವರು, ಡೈರಿ ಕಾರ್ಯದರ್ಶಿಗಳು, ಆರೋಗ್ಯ ಇಲಾಖೆಯವರು ಇದ್ದರೆ ನನ್ನದೊಂದು ವಿನಂತಿ. ಮುಂದಿನ ಸಲ ಪರೀಕ್ಷೆಯ ಗಾಡಿ ಊರಿಗೆ ಬರುವ ಮೊದಲೇ ಒಂದು ಸಭೆ ಮಾಡಿ. ಪಾಸಿಟಿವ್ ಬಂದ ಮನೆಯ ಹಸು ಯಾರು ಕರೆಯುತ್ತಾರೆ, ಹಾಲು ಹೇಗೆ ಡೈರಿಗೆ ಹೋಗುತ್ತೆ, ಬಟವಾಡೆ ಯಾರ ಕೈಗೆ ಕೊಡುತ್ತೀರಿ, ಅಷ್ಟನ್ನೂ ಮೈಕಿನಲ್ಲಿ ಊರಿಗೆಲ್ಲ ಕೇಳುವ ಹಾಗೆ ಹೇಳಿ. ಆಂಬುಲೆನ್ಸ್ ಡ್ರೈವರ್‌ಗೆ ಬೀದಿಯೊಳಗೆ ಸೈರನ್ ಹಾಕಬೇಡ ಅನ್ನಿ. ಆಮೇಲೆ ಆಶಾ ಅಕ್ಕನನ್ನು ಕಳಿಸಿ.