ಎಳ್ಳ ಅಮಾವಾಸ್ಯೆ, ನಾಲ್ಕು ಎಕರೆ ಬಿಳಿಜೋಳ

30 ಡಿಸೆಂಬರ್ 2024, ಸೋಮವಾರ, ರಾತ್ರಿ

ಹೊಲದಲ್ಲಿ ಚರಗ, ಅಂದರೆ ಭೂಮಿತಾಯಿಗೆ ಎಡೆಯ ಅಡುಗೆ, ಚೆಲ್ಲಿ ಮನೆಗೆ ಬರುವಷ್ಟರಲ್ಲಿ ಹೊತ್ತು ಮುಳುಗಿತ್ತು. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪೂಜೆ ಮಾಡಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆ ಉಂಡೆವು. ಕಾಕಾ ಮುಂದೆ, ನಾನು ಹಿಂದೆ, ಜೋಳದ ಸಾಲಿನಲ್ಲಿ ಚರಗ ಚೆಲ್ಲುತ್ತ ನಡೆದೆವು. ಬೆಳೆ ನನ್ನ ತಲೆಗಿಂತ ಎತ್ತರ, ತೆನೆ ಈಗಷ್ಟೇ ಹಾಲುಗಾಳು. ನಾಲ್ಕೇ ನಿಮಿಷಕ್ಕೆ ಹೊಲದ ಆಚೆ ಬದು ಬಂದುಬಿಟ್ಟಿತು.

ನಾನು ಸಣ್ಣವಳಿದ್ದಾಗ ಆ ಬದು ಕಾಣುತ್ತಿರಲಿಲ್ಲ. ಹದಿನೆಂಟು ಎಕರೆಯೂ ಬಿಳಿಜೋಳವೇ ಇತ್ತು. ಈಗ ತೊಗರಿ, ಕಡಲೆ, ಬೋರ್‌ವೆಲ್ ಬಳಿ ಕಬ್ಬು. ಜೋಳಕ್ಕೆ ಉಳಿದದ್ದು ನಾಲ್ಕು.

ಡೋಣಿ ಹರಿದರೆ ಓಣಿಯೆಲ್ಲ ಕಾಳು ಎನ್ನುವ ನಾಡು ನಮ್ಮದು, ವಿಜಯಪುರದ ಡೋಣಿ ಹೊಳೆಯ ಸೀಮೆ. ಇಲ್ಲೇ ಹೀಗಾದರೆ ದೇಶದ್ದೇನು ಎಂದು ಊಟವಾದ ಮೇಲೆ ಹಳೆಯ ಕೃಷಿ ಅಂಕಿಅಂಶ ತೆಗೆದು ಕೂತೆ. 1960-61ರಲ್ಲಿ ಭಾರತದಲ್ಲಿ ಜೋಳ ಬಿತ್ತಿದ್ದು ಸುಮಾರು 1 ಕೋಟಿ 84 ಲಕ್ಷ ಹೆಕ್ಟೇರಿನಲ್ಲಿ. 2019-20ಕ್ಕೆ ಅದು 48 ಲಕ್ಷ. ಅರವತ್ತು ವರ್ಷದಲ್ಲಿ ನಾಲ್ಕರಲ್ಲಿ ಮೂರು ಪಾಲು ನೆಲ ಜೋಳದ ಕೈಬಿಟ್ಟಿದೆ. ನಮ್ಮ ಹೊಲದ ಲೆಕ್ಕವೂ ಹೆಚ್ಚು ಕಡಿಮೆ ಅದೇ.

ಫಸಲಿನ ಕಥೆ ಮಾತ್ರ ಹಾಗೆ ನೇರವಾಗಿ ಇಳಿದಿಲ್ಲ. 1960-61ರಲ್ಲಿ 98 ಲಕ್ಷ ಟನ್ ಇದ್ದದ್ದು ಏರಿಳಿಯುತ್ತ 1989-90ರಲ್ಲಿ 1 ಕೋಟಿ 29 ಲಕ್ಷ ಟನ್ ಮುಟ್ಟಿತು. ಅಷ್ಟರಲ್ಲಾಗಲೇ ನೆಲ ಕಡಿಮೆಯಾಗಿದ್ದರೂ ಕಾಳು ಹೆಚ್ಚಿತ್ತು. ಸಿಎಸ್‌ಎಚ್-1 ಎಂಬ ಮೊದಲ ಹೈಬ್ರಿಡ್ ಬಂದದ್ದು 1964ರಲ್ಲಿ. ಗಿಡ್ಡ ದಂಟು, ಬೇಗ ಬರುವ ಬೆಳೆ. ಹೆಕ್ಟೇರಿಗೆ ಐದು ಕ್ವಿಂಟಲ್ ಸುತ್ತ ಇದ್ದ ದೇಶದ ಸರಾಸರಿ ಇಳುವರಿ 2019-20ಕ್ಕೆ ಹತ್ತಿರಹತ್ತಿರ ಹತ್ತಾಯಿತು. ಆದರೆ 1990ರ ನಂತರ ನೆಲ ಎಷ್ಟು ವೇಗವಾಗಿ ಹೋಯಿತೆಂದರೆ ಆ ಇಳುವರಿಯಿಂದಲೂ ಫಸಲಿನ ಇಳಿತ ತಡೆಯಲಾಗಲಿಲ್ಲ. 2019-20ರ ಫಸಲು 47.7 ಲಕ್ಷ ಟನ್. 1950-51ರಲ್ಲಿ ಬೆಳೆದದ್ದಕ್ಕಿಂತಲೂ ಕಡಿಮೆ!

ಹೆಚ್ಚು ಹೋದದ್ದು ಮುಂಗಾರಿ ಜೋಳ. ಹೈಬ್ರಿಡ್ ಗೆದ್ದದ್ದು ಅಲ್ಲೇ, ಜೋಳ ಸೋತದ್ದೂ ಅಲ್ಲೇ. ತೆನೆ ಬಲಿಯುವ ಹೊತ್ತಿಗೆ ಮಳೆ ಹಿಡಿದರೆ ಕಾಳಿಗೆ ಬೂಷ್ಟು ಬಂದು ಕಪ್ಪಾಗುತ್ತದೆ, ರೊಟ್ಟಿಗೆ ಯಾರೂ ಕೊಳ್ಳುವುದಿಲ್ಲ. ಮಧ್ಯಪ್ರದೇಶ, ಮಹಾರಾಷ್ಟ್ರದಲ್ಲಿ ಆ ನೆಲವನ್ನು ಸೋಯಾಬೀನ್, ಹತ್ತಿ ಹಿಡಿದವು. ನಮ್ಮ ಕಡೆ ಗೋವಿನಜೋಳವೂ (ಮೆಕ್ಕೆಜೋಳ) ಸೇರಿತು. ರೇಷನ್ ಅಂಗಡಿಯಲ್ಲಿ ಅಕ್ಕಿ, ಗೋಧಿ ಅಗ್ಗಕ್ಕೆ ಸಿಗುವಾಗ ಜೋಳ ತಿನ್ನುವವರೂ ಕಡಿಮೆಯಾದರು. ಹಸಿದವರಿಗೆ ಅಕ್ಕಿ ಸಿಕ್ಕಿದ್ದನ್ನು ನಾನು ಎಂದೂ ತಪ್ಪೆನ್ನಲಾರೆ. ಜೋಳವನ್ನೂ ಅಷ್ಟೇ ಅಕ್ಕರೆಯಿಂದ ಕೊಂಡು ಹಂಚಬೇಕಿತ್ತು, ದಶಕಗಳ ಹಿಂದೆಯೇ.

ಉಳಿದದ್ದರಲ್ಲಿ ಹೆಚ್ಚಿನ ಪಾಲು ಹಿಂಗಾರಿಯದು. ನಮ್ಮದೂ ಅದೇ, ಮಾಲದಂಡಿ. ಸೋಲಾಪುರ ಜಿಲ್ಲೆಯ ಮೊಹೋಳದಲ್ಲಿ 1930ರ ದಶಕದಲ್ಲಿ ಆಯ್ದು ತೆಗೆದ ಎಂ 35-1 ತಳಿ. ತೊಂಬತ್ತು ವರ್ಷ ಸಮೀಪಿಸಿದರೂ ಅದನ್ನು ಪೂರ್ತಿ ಹಿಂದೆ ಸರಿಸುವ ತಳಿ ಬಂದಿಲ್ಲ. ಮಳೆ ನಿಂತ ಮೇಲೆ ಬಿತ್ತಿದರೆ ಎರಿ (ಕಪ್ಪು) ನೆಲದ ಹಸಿಯನ್ನೇ ಕುಡಿದು ಫೆಬ್ರುವರಿಗೆ ಬರುತ್ತದೆ. ಮುತ್ತಿನಂಥ ಬಿಳಿ ಕಾಳು, ತಟ್ಟಿದರೆ ಹರಿಯದ ರೊಟ್ಟಿ. 2024-25ರಲ್ಲಿ ಬೆಂಬಲ ಬೆಲೆ ಕ್ವಿಂಟಲಿಗೆ ಹೈಬ್ರಿಡ್‌ಗೆ 3,371, ಮಾಲದಂಡಿಗೆ 3,421 ರೂಪಾಯಿ ಇತ್ತು. ಇಷ್ಟೆಲ್ಲ ಗುಣಕ್ಕೆ 50 ರೂಪಾಯಿ ಹೆಚ್ಚು. ನನಗೆ ಇದು ಸರಿ ಕಾಣುವುದಿಲ್ಲ.

ಇಷ್ಟು ಓದಿಯೂ ನಮ್ಮ ನಾಲ್ಕು ಎಕರೆ ಯಾಕೆ ಉಳಿಯಿತು ಎಂಬುದು ಆ ಪುಟಗಳಲ್ಲಿ ಸಿಗಲಿಲ್ಲ. ಮಧ್ಯಾಹ್ನ ಕಾಕಾನನ್ನು ಕೇಳಿದ್ದೆ.

"ರೊಟ್ಟಿಗಂತ ಅಲ್ಲ ತಂಗಿ. ಜ್ವಾಳ ಪ್ಯಾಟ್ಯಾಗೂ ಸಿಗ್ತಾವ. ಕಣಿಕಿ ಎಲ್ಲಿಂದ ತರ್ಲಿ? ಎತ್ತು ಇರೂತನಕ ಜ್ವಾಳ ಇರ್ತೈತಿ."

ಕಣಿಕಿ ಅಂದರೆ ದನಕ್ಕೆ ಮೇವಾಗುವ ಜೋಳದ ಒಣ ದಂಟು. ಹಿತ್ತಲಿನಲ್ಲಿ ಈಗ ಒಂದೇ ಜೋಡಿ ಎತ್ತು, ಒಂದು ಎಮ್ಮೆ. ಮೊದಲು ಮೂರು ಜೋಡಿ ಇದ್ದವು, ಕಣಿಕಿಯ ಬಣವಿ ಮನೆಗಿಂತ ಎತ್ತರ ಇರುತ್ತಿತ್ತು. ಟ್ರ್ಯಾಕ್ಟರ್ ಬಂದು ಎತ್ತು ಹೋದವು, ಎತ್ತು ಹೋದಂತೆ ಜೋಳದ ಎಕರೆಗಳೂ ಹೋದವು. ಟನ್ನುಗಳ ಪಟ್ಟಿಯಲ್ಲಿ ಬರೀ ಕಾಳಿನ ತೂಕ ಇದೆ. ದಂಟಿನ ತೂಕವನ್ನೂ ಪಕ್ಕದಲ್ಲಿಟ್ಟು ನೋಡಿದರೆ ಜೋಳದ ಬೆಲೆ ಬೇರೆಯೇ ಆಗುತ್ತದೆ, ಬರಗಾಲದಲ್ಲಂತೂ.

ಇನ್ನೊಂದು ಮಾತು ಕಾಕಿ ಹೇಳಿದ್ದು. ಮಾಲದಂಡಿಯನ್ನು ಬೇರು ಸಮೇತ ಕೈಯಿಂದಲೇ ಕೀಳಬೇಕು. ಆಮೇಲೆ ತೆನೆ ಮುರಿಯಬೇಕು, ಸಿವುಡು ಕಟ್ಟಬೇಕು. ರಾಶಿ ಮಾಡಲು ಮಷೀನು ಬಂದಿದೆ, ಕೀಳಲು ಆಳೇ ಬೇಕು. ಹೋದ ವರ್ಷ ಆಳು ಸಿಗದೆ ಇಬ್ಬರೇ ಹನ್ನೊಂದು ದಿನ ಕಿತ್ತರಂತೆ. ಕಾಕಾನಿಗೆ ಅರವತ್ತೇಳು, ಕಾಕಿಗೆ ಅರವತ್ತು.

"ಈ ಸಲ ನಾ ಬರ್ತೀನಿ," ಅಂದೆ.

ಕಾಕಿ ನನ್ನ ಅಂಗೈ ಹಿಡಿದು ನೋಡಿದಳು. "ಬೊಬ್ಬಿ ಬರ್ತಾವ ನೋಡವಾ. ಹಳೀ ಧೋತ್ರ ಹರದು ಇಟ್ಟಿರ್ತೀನಿ, ಕೈಗೆ ಸುತ್ತಿಕೊಳ್ಳಾಕ."

ಫೆಬ್ರುವರಿ ಎರಡನೇ ವಾರಕ್ಕೆ ರಜೆ ಅರ್ಜಿ ಬರೆದಿಟ್ಟಿದ್ದೇನೆ. ನಾಳೆ ಆಫೀಸಿಗೆ ಹೋದ ಕೂಡಲೇ ಕೊಡಬೇಕು.