ಸಿಎಸ್‌ಆರ್ ಚೆನ್ನಾಗಿ ಮಾಡುವ ಕಂಪನಿ ಒಳ್ಳೆ ಕಂಪನಿ ಅಲ್ವಾ?

ನಾನು ಕಂಪನಿ ಸೆಕ್ರೆಟರಿ. ಬೋರ್ಡ್ (ನಿರ್ದೇಶಕರ ಮಂಡಳಿ) ಮೀಟಿಂಗ್‌ಗಳ ನೋಟಿಸ್ ಕಳಿಸುವುದು, ನಡಾವಳಿ ಬರೆಯುವುದು, ಕಾನೂನು ಕೇಳುವ ಕಾಗದಪತ್ರ ಸರಿಯಾದ ಹೊತ್ತಿಗೆ ಸಲ್ಲಿಸುವುದು ನನ್ನ ಕೆಲಸ. ಹಾಗಾಗಿ ನೆಂಟರು, ಊರಿನವರು, ಕಾಮರ್ಸ್ ಓದುವ ಹುಡುಗರು, ಎಲ್ಲರೂ ಸುತ್ತಿ ಬಳಸಿ ಒಂದೇ ಪ್ರಶ್ನೆಗೆ ಬರುತ್ತಾರೆ. "ಕಾರ್ಪೊರೇಟ್ ಗವರ್ನೆನ್ಸ್ ಅಂತೀರಿ, ಸಿಎಸ್‌ಆರ್ ಅಂತೀರಿ. ಎರಡೂ ಒಂದೇನಾ? ನಮ್ಮೂರಿಗೆ ಶಾಲೆ ಕಟ್ಟಿಸಿಕೊಟ್ಟ ಕಂಪನಿ ಒಳ್ಳೆ ಕಂಪನಿ ತಾನೆ?"

ಶಾಲೆ ಕಟ್ಟಿಸಿದ್ದು ಒಳ್ಳೆಯದೇ. ಆದರೆ ಕಂಪನಿ ಒಳ್ಳೆಯದೋ ಅಲ್ಲವೋ ಅಂತ ಅಷ್ಟರಿಂದಲೇ ಹೇಳಲು ಬರುವುದಿಲ್ಲ. ಕಂಪನಿಯ ದುಡ್ಡಿನ ಬಗ್ಗೆ ಯಾರು ತೀರ್ಮಾನ ಮಾಡುತ್ತಾರೆ, ಆ ತೀರ್ಮಾನ ಮಾಡುವವರನ್ನು ಯಾರು ಪ್ರಶ್ನೆ ಮಾಡುತ್ತಾರೆ, ಲೆಕ್ಕ ಯಾರು ನೋಡುತ್ತಾರೆ, ಇದೆಲ್ಲ ಗವರ್ನೆನ್ಸ್. ಸಮಾಜಕ್ಕಾಗಿ ಖರ್ಚು ಮಾಡುವುದು, ಅಂದರೆ ಸಿಎಸ್‌ಆರ್ (ಕಾರ್ಪೊರೇಟ್ ಸೋಷಿಯಲ್ ರೆಸ್ಪಾನ್ಸಿಬಿಲಿಟಿ, ಕಂಪನಿಯ ಸಾಮಾಜಿಕ ಹೊಣೆ), ಅಂಥ ತೀರ್ಮಾನಗಳಲ್ಲಿ ಒಂದು. ಮೊದಲನೆಯದು ಗಟ್ಟಿ ಇಲ್ಲದಿದ್ದರೆ ಎರಡನೆಯದು ಎಷ್ಟು ದಿನ ನಿಂತೀತು ಅಂತ ಯಾರೂ ಹೇಳಲಾರರು.

ಇದನ್ನು ವಿವರಿಸಲು ನಾನು ಯಾವಾಗಲೂ ಸತ್ಯಂ ಕಂಪ್ಯೂಟರ್ಸ್ ಕತೆ ಹೇಳುತ್ತೇನೆ. ಈಗ ಪಿಯುಸಿ ಓದುವ ಮಕ್ಕಳು ಆಗ ಹುಟ್ಟಿದ್ದರೋ ಇಲ್ಲವೋ. ಹಾಗಾಗಿ ಸ್ವಲ್ಪ ಬಿಡಿಸಿಯೇ ಹೇಳಬೇಕು.

ಹೈದರಾಬಾದಿನ ಸತ್ಯಂ ಒಂದು ಕಾಲದಲ್ಲಿ ದೇಶದ ನಾಲ್ಕನೇ ದೊಡ್ಡ ಸಾಫ್ಟ್‌ವೇರ್ ಕಂಪನಿ. ಅದರ ಅಧ್ಯಕ್ಷ ರಾಮಲಿಂಗ ರಾಜು. ರಾಜು ಕುಟುಂಬ ಹಳ್ಳಿಗಳ ಕೆಲಸಕ್ಕೆ ಬೈರ್ರಾಜು ಫೌಂಡೇಶನ್ ನಡೆಸುತ್ತಿತ್ತು. 2005ರಲ್ಲಿ ತುರ್ತು ಸೇವೆಗೆ ಇಎಂಆರ್‌ಐ ಅನ್ನುವ ಸಂಸ್ಥೆಯನ್ನೂ ಆ ಕುಟುಂಬವೇ ಶುರು ಮಾಡಿತು. ನಾವು ಇವತ್ತು 108ಕ್ಕೆ ಫೋನ್ ಮಾಡಿದರೆ ಆಂಬ್ಯುಲೆನ್ಸ್ ಬರುತ್ತದಲ್ಲ, ಅದರ ಮೂಲ ಅಲ್ಲಿದೆ. ನಮ್ಮ ರಾಜ್ಯದಲ್ಲೂ 2008ರ ನವೆಂಬರ್ 1ರಂದು ಇದೇ ಸಂಸ್ಥೆಯ ಜೊತೆ 'ಆರೋಗ್ಯ ಕವಚ' ಅನ್ನುವ ಹೆಸರಿನಲ್ಲಿ ಈ ಸೇವೆ ಶುರುವಾಯಿತು. ಇದು ಪ್ರಚಾರಕ್ಕೆ ಮಾಡಿದ ಕೆಲಸವಾಗಿರಲಿಲ್ಲ. ರಾತ್ರಿ ಹೆರಿಗೆ ನೋವು ಬಂದ ಹೆಂಗಸರು, ಹೆದ್ದಾರಿಯಲ್ಲಿ ಬಿದ್ದವರು, ಹಾವು ಕಚ್ಚಿದವರು ಅದರಿಂದ ನಿಜವಾಗಿ ಬದುಕಿದ್ದಾರೆ. ಗವರ್ನೆನ್ಸ್ ಚೆನ್ನಾಗಿದೆ ಅಂತಲೂ ಸತ್ಯಂಗೆ 2008ರಲ್ಲಿ ಗೋಲ್ಡನ್ ಪೀಕಾಕ್ ಪ್ರಶಸ್ತಿ ಬಂತು. ಬೋರ್ಡಿನಲ್ಲಿ ಹಾರ್ವರ್ಡ್ ಪ್ರಾಧ್ಯಾಪಕರಿದ್ದರು. ದೊಡ್ಡ ಬಿಸಿನೆಸ್ ಸ್ಕೂಲಿನ ಡೀನ್ ಇದ್ದರು.

2008ರ ಡಿಸೆಂಬರ್ 16ರಂದು ಅದೇ ಬೋರ್ಡಿನ ಮುಂದೆ ಒಂದು ಪ್ರಸ್ತಾವ ಬಂತು. ಸುಮಾರು 160 ಕೋಟಿ ಡಾಲರ್ ಕೊಟ್ಟು ಮೇಟಾಸ್ ಹೆಸರಿನ ಎರಡು ಕಂಪನಿಗಳಲ್ಲಿ ಪಾಲು ಕೊಳ್ಳುವುದು. ಒಂದು ರಿಯಲ್ ಎಸ್ಟೇಟ್ ಕಂಪನಿ, ಇನ್ನೊಂದು ನಿರ್ಮಾಣ ಕಂಪನಿ. ಸಾಫ್ಟ್‌ವೇರ್‌ಗೂ ಇದಕ್ಕೂ ಸಂಬಂಧವಿಲ್ಲ. ಜೊತೆಗೆ ಎರಡೂ ರಾಜು ಅವರ ಮಕ್ಕಳ ಕೈಯಲ್ಲಿದ್ದ ಕಂಪನಿಗಳು. ಬೋರ್ಡ್ ಒಪ್ಪಿಗೆ ಕೊಟ್ಟಿತು. ದೊಡ್ಡ ಹೂಡಿಕೆದಾರರು ತಿರುಗಿ ಬಿದ್ದರು. ಕೆಲವೇ ಗಂಟೆಗಳಲ್ಲಿ ಪ್ರಸ್ತಾವ ವಾಪಸ್ ಹೋಯಿತು.

ಮೂರು ವಾರ ಕಳೆಯಿತು. 2009ರ ಜನವರಿ 7ರಂದು ರಾಜು ಬೋರ್ಡಿಗೆ ಪತ್ರ ಬರೆದರು. ಪುಸ್ತಕದಲ್ಲಿ ತೋರಿಸಿದ ನಗದು ಮತ್ತು ಬ್ಯಾಂಕ್ ಹಣದಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಅಂತ ಒಪ್ಪಿಕೊಂಡರು. ಆ ಪತ್ರದ ಒಂದು ಸಾಲನ್ನು ನಾನು ವಿದ್ಯಾರ್ಥಿಗಳಿಗೆ ಮತ್ತೆ ಮತ್ತೆ ಓದಿಸುತ್ತೇನೆ. 2008ರ ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ಕಂಪನಿ ತೋರಿಸಿದ ಆದಾಯ 2,700 ಕೋಟಿ, ನಿಜವಾದ ಆದಾಯ 2,112 ಕೋಟಿ. ತೋರಿಸಿದ ಕಾರ್ಯಾಚರಣೆ ಲಾಭ 649 ಕೋಟಿ, ನಿಜವಾದದ್ದು 61 ಕೋಟಿ. ನೂರು ರೂಪಾಯಿ ವ್ಯಾಪಾರಕ್ಕೆ 24 ರೂಪಾಯಿ ಉಳಿಯುತ್ತದೆ ಅಂತ ಜಗತ್ತು ನಂಬಿತ್ತು. ಉಳಿಯುತ್ತಿದ್ದದ್ದು 3 ರೂಪಾಯಿ.

ಆ ಒಂದೇ ದಿನ ಷೇರು ಬೆಲೆ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಬಿತ್ತು. ರಿಟೈರ್ ಆದಾಗ ಬಂದ ದುಡ್ಡನ್ನು ಅಲ್ಲಿ ಹಾಕಿದ್ದವರು ಎಷ್ಟೋ ಜನ. ಸಾವಿರಾರು ಉದ್ಯೋಗಿಗಳಿಗೆ ಮುಂದಿನ ಸಂಬಳ ಬರುತ್ತದೋ ಇಲ್ಲವೋ ಗೊತ್ತಿರಲಿಲ್ಲ. ಕೇಂದ್ರ ಸರ್ಕಾರ ಹಳೆ ಬೋರ್ಡನ್ನು ತೆಗೆದು ಹೊಸಬರನ್ನು ಕೂರಿಸಿತು. ಏಪ್ರಿಲ್ ಹೊತ್ತಿಗೆ ಕಂಪನಿ ಟೆಕ್ ಮಹೀಂದ್ರಾ ಕೈಗೆ ಹೋಯಿತು. 2015ರಲ್ಲಿ ರಾಜು ಮತ್ತು ಇತರರಿಗೆ ಕೋರ್ಟ್ ಏಳು ವರ್ಷದ ಶಿಕ್ಷೆ ವಿಧಿಸಿತು.

ಇಷ್ಟು ಹೇಳಿದ ಮೇಲೆ ನಾನು ಕೇಳುವ ಪ್ರಶ್ನೆ 108ರದ್ದು. ಅದರ ಗತಿ ಏನಾಗಬೇಕಿತ್ತು? ಖರ್ಚಿನಲ್ಲಿ ದೊಡ್ಡ ಪಾಲನ್ನು ರಾಜ್ಯ ಸರ್ಕಾರಗಳು ಕೊಡುತ್ತಿದ್ದವು, ಜಿವಿಕೆ ಗುಂಪು 2009ರಲ್ಲಿ ಮುಂದೆ ಬಂದು ಜವಾಬ್ದಾರಿ ಹೊತ್ತಿತು. ಹಾಗಾಗಿ ಆಂಬ್ಯುಲೆನ್ಸ್‌ಗಳು ಓಡುತ್ತಲೇ ಇದ್ದವು. ಅದು ನಮ್ಮ ಅದೃಷ್ಟ. ಆದರೆ ಹೆರಿಗೆ ನೋವಿನ ಹೆಣ್ಣುಮಗಳಿಗೆ ಗಾಡಿ ಬರುತ್ತದೋ ಇಲ್ಲವೋ ಅನ್ನುವುದು ಎಲ್ಲೋ ಒಂದು ಬೋರ್ಡ್ ರೂಮಿನಲ್ಲಿ ಯಾರೋ ಲೆಕ್ಕ ಸರಿಯಾಗಿ ನೋಡಿದರೋ ಇಲ್ಲವೋ ಅನ್ನುವುದರ ಮೇಲೆ ನಿಂತಿತ್ತು. ನನ್ನ ಪಾಲಿಗೆ ಗವರ್ನೆನ್ಸ್‌ಗೂ ಸಿಎಸ್‌ಆರ್‌ಗೂ ಇರುವ ನಂಟು ಇದೇ. ಲೆಕ್ಕ ಸರಿ ಇಲ್ಲದ ಕಡೆ ಸಮಾಜಸೇವೆಗೂ ಬುಡ ಇರುವುದಿಲ್ಲ.

ಈಗ ಕಾನೂನಿಗೆ ಬರೋಣ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಿಂದಿನ ವರ್ಷ 500 ಕೋಟಿ ನಿವ್ವಳ ಮೌಲ್ಯ (ಆಸ್ತಿಯಲ್ಲಿ ಸಾಲ ಕಳೆದು ಉಳಿಯುವುದು), ಇಲ್ಲವೇ 1,000 ಕೋಟಿ ವಹಿವಾಟು, ಇಲ್ಲವೇ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಒಂದಿದ್ದರೂ ಆ ಕಂಪನಿಗೆ ಇದು ಅನ್ವಯ. ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ 2 ಪರ್ಸೆಂಟ್ ಖರ್ಚು ಮಾಡಬೇಕು. 40, 50, 60 ಕೋಟಿ ಲಾಭ ಬಂದಿದ್ದರೆ ಸರಾಸರಿ 50 ಕೋಟಿ, ಸಿಎಸ್‌ಆರ್ 1 ಕೋಟಿ. ಇಷ್ಟು ಎಲ್ಲರಿಗೂ ಗೊತ್ತು.

ಜನ ಗಮನಿಸದೆ ಬಿಡುವುದು ಆ ಸೆಕ್ಷನ್‌ನ ಮೊದಲ ಸಾಲನ್ನು. ಅದು ದುಡ್ಡಿನ ಮಾತಲ್ಲ. ಬೋರ್ಡಿನ ಒಂದು ಸಮಿತಿ ಮಾಡಿ ಅನ್ನುವ ಮಾತು. ದೊಡ್ಡ ಕಂಪನಿಗಳಲ್ಲಿ ಆ ಸಮಿತಿಯಲ್ಲಿ ಒಬ್ಬ ಸ್ವತಂತ್ರ ನಿರ್ದೇಶಕರಾದರೂ, ಅಂದರೆ ಮಾಲೀಕರ ಜೊತೆ ನಂಟಿಲ್ಲದ ಹೊರಗಿನವರೊಬ್ಬರಾದರೂ, ಇರಬೇಕು. ಸಮಿತಿ ನೀತಿ ಬರೆಯಬೇಕು, ಬೋರ್ಡ್ ಒಪ್ಪಬೇಕು, ಹಣ ಹೇಳಿದ ಕೆಲಸಕ್ಕೇ ಹೋಗಿದೆ ಅಂತ ಹಣಕಾಸು ಮುಖ್ಯಸ್ಥರು ಪ್ರಮಾಣೀಕರಿಸಬೇಕು. ಮೊದಲು ಖರ್ಚು ಮಾಡದಿದ್ದರೆ ಕಾರಣ ಬರೆದರೆ ಸಾಕಿತ್ತು. 2021ರ ಜನವರಿಯಿಂದ ಹಾಗಿಲ್ಲ. ಉಳಿದ ಹಣವನ್ನು ನಡೆಯುತ್ತಿರುವ ಯೋಜನೆಗಾದರೆ ಬೇರೆ ಖಾತೆಗೆ ಹಾಕಿ ಮೂರು ವರ್ಷದೊಳಗೆ ಖರ್ಚು ಮಾಡಬೇಕು, ಇಲ್ಲದಿದ್ದರೆ ಸರ್ಕಾರ ಸೂಚಿಸಿದ ನಿಧಿಗೆ ಕಟ್ಟಬೇಕು. ತಪ್ಪಿದರೆ ದಂಡ.

ಕಾಗದದ ಮೇಲೆ ಸರಿ. ಕೋಣೆಯೊಳಗೆ ಏನಾಗುತ್ತದೆ? ಎಷ್ಟೋ ಕಡೆ ಸಿಎಸ್‌ಆರ್ ಅಜೆಂಡಾದ ಕೊನೆಯ ಐಟಂ. ಎಲ್ಲರ ಕಣ್ಣು ಗಡಿಯಾರದ ಮೇಲೆ. ಐದು ನಿಮಿಷದಲ್ಲಿ "ಅಪ್ರೂವ್ಡ್". ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆದರೆ ಬೇರೆ ಥರದ ಮೀಟಿಂಗ್ ಕೂಡ ನೋಡಿದ್ದೇನೆ. ಒಂದು ಕಂಪನಿ ಸರ್ಕಾರಿ ಶಾಲೆಗಳಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯ ಕಟ್ಟಿಸುವ ಪ್ರಸ್ತಾವ ತಂದಿತ್ತು. ಚೆಂದದ ಫೋಟೊ, ಅಂದಾಜು ಪಟ್ಟಿ, ಉದ್ಘಾಟನೆಯ ದಿನಾಂಕ ಎಲ್ಲ ಇತ್ತು. ಸ್ವತಂತ್ರ ನಿರ್ದೇಶಕಿಯೊಬ್ಬರು ಪಟ್ಟಿಯನ್ನು ಮೇಲಿಂದ ಕೆಳಗೆ ಓದಿ, "ನೀರು ಎಲ್ಲಿಂದ ಬರುತ್ತೆ?" ಅಂತ ಕೇಳಿದರು. ಯಾರ ಹತ್ತಿರವೂ ಉತ್ತರ ಇರಲಿಲ್ಲ. "ತೊಳೆಯೋದು ಯಾರು? ಅವರ ಸಂಬಳ ಇದರಲ್ಲಿ ಎಲ್ಲಿದೆ?" ಅಂತ ಎರಡನೇ ಪ್ರಶ್ನೆ. ಪ್ರಸ್ತಾವ ಅವತ್ತು ಪಾಸಾಗಲಿಲ್ಲ. ಮುಂದಿನ ಮೀಟಿಂಗ್‌ಗೆ ಶಾಲೆಗಳ ಸಂಖ್ಯೆ ಕಡಿಮೆಯಾಗಿ, ಟ್ಯಾಂಕು, ಪಂಪು, ಮೂರು ವರ್ಷದ ಸ್ವಚ್ಛತೆ ಖರ್ಚು ಸೇರಿ ಬಂತು. ಆಗ ಪಾಸಾಯಿತು. ಸ್ವತಂತ್ರ ನಿರ್ದೇಶಕರು ಯಾಕೆ ಬೇಕು ಅಂತ ಕೇಳುವವರಿಗೆ ನಾನು ಆ ಎರಡು ಪ್ರಶ್ನೆಗಳನ್ನು ಹೇಳುತ್ತೇನೆ.

ಇನ್ನೊಂದು ಕಡೆ ಕಣ್ಣಿಡಬೇಕು. ಸಿಎಸ್‌ಆರ್ ಹಣವನ್ನು ಕಂಪನಿ ನೇರವಾಗಿಯೇ ಖರ್ಚು ಮಾಡಬೇಕೆಂದಿಲ್ಲ. ಟ್ರಸ್ಟ್ ಅಥವಾ ಸಂಸ್ಥೆಗಳ ಮೂಲಕವೂ ಮಾಡಬಹುದು. ಆ ಟ್ರಸ್ಟ್ ಪ್ರೊಮೋಟರ್ ಕುಟುಂಬದ್ದೇ, ಅಂದರೆ ಕಂಪನಿ ಕಟ್ಟಿ ನಡೆಸುವ ಮನೆತನದ್ದೇ ಆಗಿದ್ದರೆ? ಹಣ ಸಾವಿರಾರು ಷೇರುದಾರರದ್ದು, ಕಟ್ಟಡದ ಮೇಲಿನ ಹೆಸರು ಮಾಲೀಕರ ತಾತನದ್ದು. ಅತ್ತೆಯ ಸೊತ್ತನ್ನು ಅಳಿಯ ದಾನ ಮಾಡಿದ ಹಾಗೆ. ಕಾನೂನು ಇದನ್ನು ಪೂರ್ತಿ ಬೇಡ ಅನ್ನುವುದಿಲ್ಲ, ಎಷ್ಟೋ ಕಂಪನಿ ಫೌಂಡೇಶನ್‌ಗಳು ನಿಜಕ್ಕೂ ಒಳ್ಳೆ ಕೆಲಸ ಮಾಡುತ್ತಿವೆ. ಆದರೆ ಇಂಥ ಕಡೆ ಬೋರ್ಡು ಇನ್ನೂ ಬಿಗಿಯಾಗಿ ಲೆಕ್ಕ ಕೇಳಬೇಕು. ಮೇಟಾಸ್ ವಿಚಾರದಲ್ಲಿ ಕೇಳಬೇಕಾಗಿದ್ದದ್ದೂ ಇದನ್ನೇ: ಈ ದುಡ್ಡು ಯಾರ ಮನೆಗೆ ಹೋಗುತ್ತಿದೆ?

ಇಲ್ಲಿ ಜನ ಅಜೀಂ ಪ್ರೇಮ್‌ಜಿ ಹೆಸರು ತರುತ್ತಾರೆ. "ನಮ್ಮ ಶಾಲೆ ಮಕ್ಕಳಿಗೆ ಮೊಟ್ಟೆ ಕೊಡ್ತಿರೋದು ವಿಪ್ರೋ ಸಿಎಸ್‌ಆರ್ ಅಲ್ವಾ?" ಅಲ್ಲ. 2024ರಲ್ಲಿ ರಾಜ್ಯ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡದ್ದು ಅಜೀಂ ಪ್ರೇಮ್‌ಜಿ ಫೌಂಡೇಶನ್. ಮೂರು ವರ್ಷಕ್ಕೆ ಸುಮಾರು 1,500 ಕೋಟಿ. ಮೊದಲು ವಾರಕ್ಕೆ ಎರಡು ದಿನ ಇದ್ದ ಮೊಟ್ಟೆ ಆರು ದಿನ ಆಯಿತು. ಆ ಫೌಂಡೇಶನ್‌ನ ಹಣದ ಮೂಲ ಪ್ರೇಮ್‌ಜಿ ತಮ್ಮ ಸ್ವಂತ ಷೇರುಗಳಿಂದ ಕೊಟ್ಟದ್ದು. ವಿಪ್ರೋದ ಬೇರೆ ಷೇರುದಾರರ ಜೇಬಿನಿಂದ ಬಂದದ್ದಲ್ಲ. ತನ್ನದನ್ನು ತಾನು ಕೊಡುವುದು ಬೇರೆ, ಎಲ್ಲರದ್ದನ್ನು ಎಲ್ಲರ ಪರವಾಗಿ ಖರ್ಚು ಮಾಡುವುದು ಬೇರೆ. ಎರಡನೆಯದಕ್ಕೆ ಸಮಿತಿ, ನಡಾವಳಿ, ಆಡಿಟ್ ಎಲ್ಲ ಬೇಕಾಗುವುದು ಅದಕ್ಕೇ. ಹಾಗಂತ ಮೊದಲನೆಯದೂ ಗವರ್ನೆನ್ಸ್‌ನಿಂದ ದೂರ ಇಲ್ಲ. ಷೇರಿಗೆ ಬೆಲೆ ಇರುವುದು ಲೆಕ್ಕದ ಮೇಲೆ ನಂಬಿಕೆ ಇರುವವರೆಗೆ.

ಇನ್ನೊಂದು ವಾದವನ್ನು ನಾನು ಜೋರಾಗಿಯೇ ವಿರೋಧಿಸುತ್ತೇನೆ. ಕಾರ್ಖಾನೆ ಕೊಳಚೆಯನ್ನು ಹಳ್ಳಕ್ಕೆ ಬಿಟ್ಟು, ಅದೇ ಊರಲ್ಲಿ ಶುದ್ಧ ನೀರಿನ ಘಟಕ ಹಾಕಿ "ನಾವು ಊರಿಗೆ ಮಾಡಿದ್ದೇವೆ" ಅನ್ನುವುದು. ಕೊಳಚೆ ಶುದ್ಧ ಮಾಡುವುದು ಬೇರೆ ಕಾನೂನಿನ ಪ್ರಕಾರವೇ ಕಂಪನಿಯ ಕರ್ತವ್ಯ. ಬೇರೆ ಕಾನೂನಿನಲ್ಲಿ ಮಾಡಲೇಬೇಕಾದ ಕೆಲಸವನ್ನು ಸಿಎಸ್‌ಆರ್ ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ ಅಂತ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಅದಕ್ಕಿಂತ ದೊಡ್ಡ ಮಾತು ಅದೇ ಕಾಯ್ದೆಯ 166ನೇ ಸೆಕ್ಷನ್‌ನಲ್ಲಿದೆ. ನಿರ್ದೇಶಕರು ಷೇರುದಾರರ ಜೊತೆಗೆ ಉದ್ಯೋಗಿಗಳು, ಸಮುದಾಯ ಮತ್ತು ಪರಿಸರದ ಹಿತವನ್ನೂ ನೋಡಬೇಕು ಅನ್ನುತ್ತದೆ ಅದು. ಇದು 2 ಪರ್ಸೆಂಟ್‌ಗೆ ಮಾತ್ರ ಅಲ್ಲ, ನೂರಕ್ಕೆ ನೂರಕ್ಕೂ ಅನ್ವಯ. ಕಚ್ಚಾ ಮಾಲು ಎಲ್ಲಿಂದ ತರಬೇಕು, ಗುತ್ತಿಗೆ ಕಾರ್ಮಿಕರಿಗೆ ಪಿಎಫ್ ಕಟ್ಟಿದ್ದಾರಾ, ಸಣ್ಣ ಸಪ್ಲೈಯರ್ ಬಿಲ್ ಎಷ್ಟು ದಿನ ಬಾಕಿ ಇದೆ, ಇದೆಲ್ಲ ಆ ಸೆಕ್ಷನ್ ಒಳಗೇ ಬರುತ್ತದೆ. ಲಾಭ ಹೇಗೆ ಬಂತು ಅನ್ನುವುದನ್ನು ಕೇಳದೆ, ಲಾಭದ ಐವತ್ತರಲ್ಲಿ ಒಂದು ಪಾಲು ಎಲ್ಲಿ ಹೋಯಿತು ಅಂತ ಮಾತ್ರ ಕೇಳಿದರೆ ನಾವು ತೀರಾ ಕಡಿಮೆ ಕೇಳಿದ ಹಾಗೆ.

"ಹಾಗಾದ್ರೆ ಸಿಎಸ್‌ಆರ್ ದುಡ್ಡು ಬೇಡ ಅನ್ನಬೇಕಾ?" ಖಂಡಿತ ಬೇಡ ಅನ್ನಬೇಡಿ. ದೇಶದಲ್ಲಿ ವರ್ಷಕ್ಕೆ 25,000 ಕೋಟಿಗೂ ಮಿಕ್ಕಿ ಹಣ ಈ ದಾರಿಯಲ್ಲಿ ಬರುತ್ತಿದೆ. ಸರ್ಕಾರಿ ಶಾಲೆ, ಪಿಎಚ್‌ಸಿ, ಕೆರೆಗಳಿಗೆ ಅದು ಬೇಕು. ತಗೊಳ್ಳುವವರೂ ಪ್ರಶ್ನೆ ಕೇಳಿ ತಗೊಳ್ಳಿ. ಎಸ್‌ಡಿಎಂಸಿಯವರು (ಸರ್ಕಾರಿ ಶಾಲೆಯ ಅಭಿವೃದ್ಧಿ ಸಮಿತಿಯವರು) ಕಟ್ಟಡಕ್ಕೆ ಒಪ್ಪುವ ಮೊದಲು ನಿರ್ವಹಣೆ ಯಾರದ್ದು, ಎಷ್ಟು ವರ್ಷ ಅಂತ ಬರಹದಲ್ಲಿ ಕೇಳಲಿ. ಮಾರ್ಚ್ ಕೊನೆ ವಾರದಲ್ಲಿ ಬಂದು "31ರೊಳಗೆ ಬಿಲ್ ಕೊಡಿ" ಅನ್ನುವವರಿಗೆ ಅವಸರ ಯಾಕೆ ಅಂತ ಕೇಳಲಿ.

ದೂರದಲ್ಲಿ ಕೂತು ನೋಡುವವರಿಗೂ ದಾರಿ ಇದೆ. ಸಿಎಸ್‌ಆರ್ ಸಮಿತಿಯಲ್ಲಿ ಯಾರಿದ್ದಾರೆ, ನೀತಿ ಏನು, ಬೋರ್ಡ್ ಯಾವ ಯೋಜನೆ ಒಪ್ಪಿದೆ ಅನ್ನುವುದನ್ನು ಕಂಪನಿ ತನ್ನ ವೆಬ್‌ಸೈಟ್‌ನಲ್ಲಿ ಹಾಕಲೇಬೇಕು. ವಾರ್ಷಿಕ ವರದಿ ತೆಗೆದರೆ ನಾನು ನಗುವ ಮಕ್ಕಳ ಫೋಟೊ ಇರುವ ಪುಟಗಳನ್ನು ದಾಟಿ ಮೊದಲು ಆಡಿಟರ್ ವರದಿಗೆ ಹೋಗುತ್ತೇನೆ. ಆಮೇಲೆ ಸಂಬಂಧಿಗಳ ಜೊತೆಗಿನ ವ್ಯವಹಾರಗಳ ಪಟ್ಟಿ. ಆಮೇಲೆ ಸ್ವತಂತ್ರ ನಿರ್ದೇಶಕರು ಎಷ್ಟು ಮೀಟಿಂಗ್‌ಗೆ ಬಂದಿದ್ದಾರೆ ಅನ್ನುವುದು. ಕೊನೆಗೆ ಸಿಎಸ್‌ಆರ್ ಅನುಬಂಧ. ಅಲ್ಲಿ ಏನಾದರೂ ಅರ್ಥವಾಗದಿದ್ದರೆ ವಾರ್ಷಿಕ ಸಭೆಯಲ್ಲಿ ಕೇಳಬಹುದು. ಒಂದೇ ಒಂದು ಷೇರು ಇದ್ದರೂ ಆ ಹಕ್ಕಿದೆ. ಈಗ ಎಷ್ಟೋ ದೊಡ್ಡ ಕಂಪನಿಗಳ ಸಭೆ ವಿಡಿಯೊದಲ್ಲೇ ನಡೆಯುತ್ತದೆ. ಮಾತಾಡುವವರು ಮೊದಲೇ ಹೆಸರು ನೋಂದಾಯಿಸಬೇಕು, ಹೇಗೆ ಅಂತ ನೋಟಿಸ್‌ನಲ್ಲೇ ಬರೆದಿರುತ್ತಾರೆ.